ಡಾಡ್ಜರ್ಸ್ 2025: ಚಿಂತೆ ಇರುವುದು ಪಿಚರ್‌ಗಳ ತೋಳಿನಲ್ಲಿ

"ಇಷ್ಟು ದುಡ್ಡು ಸುರಿದ ಮೇಲೆ 2025ರ ಕಪ್ಪೂ ಡಾಡ್ಜರ್ಸ್‌ಗೇ ಅಲ್ವಾ? ಈ ತಂಡದಲ್ಲಿ ಹುಳುಕು ಎಲ್ಲಿದೆ?" ಎಂದು ಅಮೆರಿಕದ ಬೇಸ್‌ಬಾಲ್ ತಂಡ ಲಾಸ್ ಏಂಜಲೀಸ್ ಡಾಡ್ಜರ್ಸ್ ಬಗ್ಗೆ 2025ರ ಸೀಸನ್‌ಗೆ ಮುನ್ನ ಕೇಳಿದ್ದಿರಿ. ಇತ್ತು, ಪಿಚರ್‌ಗಳ (ಚೆಂಡು ಎಸೆಯುವವರ) ತೋಳಿನಲ್ಲಿ.

2024ರ ಅಕ್ಟೋಬರ್ ನೆನಪಿಸಿಕೊಳ್ಳಿ. ಗಾಯಾಳುಗಳು ಎಷ್ಟು ಜಾಸ್ತಿ ಇದ್ದರೆಂದರೆ, ಪಂದ್ಯ ಶುರು ಮಾಡಲು ನೆಚ್ಚಬಹುದಾದ ಪಿಚರ್‌ಗಳು ಮೂವರೇ: ಯಮಮೊಟೊ, ಫ್ಲಾಹರ್ಟಿ, ಬ್ಯೂಲರ್. ವರ್ಲ್ಡ್ ಸೀರೀಸ್‌ನ (ಫೈನಲ್ ಸರಣಿಯ) ಐದನೇ ಪಂದ್ಯದ ಕೊನೆಯ ಇನಿಂಗ್ಸ್‌ಗೆ, ಒಂದೇ ದಿನದ ವಿಶ್ರಾಂತಿಯ ಮೇಲೆ ಬ್ಯೂಲರ್ ಅವರನ್ನೇ ಮತ್ತೆ ಇಳಿಸಿದರು. ಗೆದ್ದರು, ಸರಿ. ಆದರೆ 2025ಕ್ಕೆ ಬ್ಯೂಲರ್ ತಂಡದಲ್ಲಿರಲಿಲ್ಲ, ಫ್ಲಾಹರ್ಟಿಯೂ ಇರಲಿಲ್ಲ.

ಅದಕ್ಕೇ 182 ಮಿಲಿಯನ್ ಡಾಲರ್‌ಗೆ ಪಿಚರ್ ಬ್ಲೇಕ್ ಸ್ನೆಲ್ ಬಂದದ್ದು. ಜಪಾನಿನ ಪಿಚರ್ ರೋಕಿ ಸಸಾಕಿ ಮಾತ್ರ ಅಗ್ಗ, 6.5 ಮಿಲಿಯನ್ ಬೋನಸ್. 25 ತುಂಬದ ವಿದೇಶಿ ಆಟಗಾರರ ಬೋನಸ್‌ಗೆ ಅಲ್ಲಿ ಮಿತಿ ಇದೆ. ಬ್ಯಾಟಿಂಗ್, ಪಿಚಿಂಗ್ ಎರಡೂ ಮಾಡುವ ಒಟಾನಿ ಮೊಣಕೈ ಆಪರೇಷನ್ ಆದ ಮೇಲೆ ಆಗಿನ್ನೂ ಪಂದ್ಯದಲ್ಲಿ ಪಿಚ್ ಮಾಡಿರಲಿಲ್ಲ. ಬ್ಯಾಟ್ ಬಗ್ಗೆ ಚಿಂತೆ ಇರಲಿಲ್ಲ, 2024ರಲ್ಲಿ ಅವರದೇ 54 ಹೋಮ್ ರನ್ (ನಮ್ಮ ಸಿಕ್ಸರ್ ತರ). 32ನೇ ವಯಸ್ಸಿನಲ್ಲಿ ಮೂಕಿ ಬೆಟ್ಸ್ ಶಾರ್ಟ್‌ಸ್ಟಾಪ್‌ಗೆ (ಎರಡನೇ, ಮೂರನೇ ಬೇಸ್ ನಡುವಿನ, ಚುರುಕು ಬೇಕಾದ ಫೀಲ್ಡಿಂಗ್ ಜಾಗ) ಬಂದದ್ದು ನನಗಂತೂ ಸ್ವಲ್ಪ ದಿಗಿಲು.

ದುಡ್ಡಿನ ವಿಷಯ: ಐಪಿಎಲ್ ಪರ್ಸ್ ತರ ಕಡ್ಡಾಯ ಮಿತಿ ಇಲ್ಲ. 2025ರಲ್ಲಿ ತಂಡದ ಒಟ್ಟು ಸಂಬಳ 241 ಮಿಲಿಯನ್ ದಾಟಿದರೆ ತೆರಿಗೆ, ಅಷ್ಟೇ. ಒಟಾನಿಯ 700 ಮಿಲಿಯನ್‌ನಲ್ಲಿ 680 ಮಿಲಿಯನ್ ಕೊಡುವುದು 2034ರಿಂದ ಮುಂದೆ! ನಮ್ಮ ಕಡೆ ಇದಕ್ಕೆ ಉದ್ರಿ ಅಂತಾರೆ.

2025ರ ಮಾರ್ಚ್ 18ಕ್ಕೆ ಟೋಕಿಯೋದಲ್ಲಿ ಶಿಕಾಗೋ ಕಬ್ಸ್ ಎದುರು ಮೊದಲ ಪಂದ್ಯ ಇತ್ತು. ನಮಗೆ ಮಧ್ಯಾಹ್ನ 3.40, ಬೆಳಗಿನ ಜಾವ ಏಳುವ ಕಷ್ಟ ಇರಲಿಲ್ಲ.