ಮೊಣಗಂಟಿನ ಮೆನಿಸ್ಕಸ್ ಮತ್ತು ಕೊಲಾಜೆನ್ ಪುಡಿ: ಓದುಗರ ಪ್ರಶ್ನೆಗೆ ವೈದ್ಯರ ಉತ್ತರ

ಪ್ರಶ್ನೆ: ನನಗೆ 49 ವರ್ಷ. ಶಿಕ್ಷಕ, ಯಕ್ಷಗಾನದ ಹವ್ಯಾಸಿ ಕಲಾವಿದ. ಕಳೆದ ಮಳೆಗಾಲದಿಂದ ಬಲ ಮೊಣಗಂಟಿನ ಒಳಬದಿಯಲ್ಲಿ ನೋವಿದೆ. ಎಂಆರ್‌ಐ ಮಾಡಿಸಿದಾಗ ಮೊಣಗಂಟಿನೊಳಗಿನ ಮೆತ್ತೆಯಂತಿರುವ ಮೆನಿಸ್ಕಸ್ ಸವೆದು ಹರಿದಿರುವುದು ತಿಳಿಯಿತು. ಸದ್ಯಕ್ಕೆ ಶಸ್ತ್ರಚಿಕಿತ್ಸೆ ಬೇಡ, ವ್ಯಾಯಾಮ ಸಾಕು ಎಂದು ಮೂಳೆತಜ್ಞರು ಹೇಳಿದ್ದಾರೆ. ಕೊಲಾಜೆನ್ ಪುಡಿ ಸೇವಿಸಿದರೆ ಹರಿದದ್ದು ಕೂಡಿಕೊಳ್ಳುತ್ತದೆ ಎಂದು ಗೆಳೆಯರೊಬ್ಬರು ಒತ್ತಾಯಿಸುತ್ತಿದ್ದಾರೆ. ನಾನು ಸಸ್ಯಾಹಾರಿ. ಸೇವಿಸಬಹುದೇ?
– ಓದುಗರು, ಬ್ರಹ್ಮಾವರ

ಉತ್ತರ: ಹರಿದ ಮೆನಿಸ್ಕಸನ್ನು ಕೊಲಾಜೆನ್ ಪುಡಿ ಕೂಡಿಸುತ್ತದೆ ಎಂದು ಹೇಳಲು ನಂಬಲರ್ಹವಾದ ಆಧಾರವಿಲ್ಲ. ಆದರೂ ನಿಮ್ಮ ಗೆಳೆಯರ ಮಾತು ಏಕೆ ಸರಿಯೆನಿಸುತ್ತದೆ ಎಂಬುದು ನನಗೆ ಅರ್ಥವಾಗುತ್ತದೆ. ತೊಡೆಮೂಳೆ ಮತ್ತು ಕಣಕಾಲಿನ ಮೂಳೆಯ ನಡುವೆ ಅರ್ಧಚಂದ್ರಾಕಾರದಲ್ಲಿ ಕುಳಿತು ದೇಹದ ಭಾರವನ್ನು ಹಂಚಿಕೊಡುವ ಮೆನಿಸ್ಕಸ್‌ನಲ್ಲಿ, ನೀರನ್ನು ಬಿಟ್ಟರೆ, ಹೆಚ್ಚಿನ ಪಾಲು ಕೊಲಾಜೆನ್ ಎಂಬ ಪ್ರೋಟೀನೇ ಆಗಿದೆ. ಆದರೆ ನುಂಗಿದ ಕೊಲಾಜೆನ್ ಜಠರ ಮತ್ತು ಕರುಳಿನಲ್ಲಿ ಅಮೈನೋ ಆಮ್ಲಗಳಾಗಿ, ಸಣ್ಣ ಪೆಪ್ಟೈಡ್‌ಗಳಾಗಿ ಒಡೆಯುತ್ತದೆ. ಅದು ನೇರವಾಗಿ ಮೊಣಗಂಟಿಗೆ ಹೋಗಿ ಸೇರುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು ಮೆನಿಸ್ಕಸ್‌ನ ರಚನೆಯಲ್ಲೇ ಇದೆ. ರಕ್ತನಾಳಗಳು ಅದರ ಹೊರ ಅಂಚಿಗೆ ಮಾತ್ರ ತಲುಪುತ್ತವೆ, ಒಳಭಾಗ ಕೀಲಿನ ದ್ರವದಿಂದಲೇ ಪೋಷಣೆ ಪಡೆಯಬೇಕು. ಆದುದರಿಂದ ಒಳಭಾಗದಲ್ಲಿ ಹರಿದದ್ದು ಏನು ತಿಂದರೂ ಸುಲಭವಾಗಿ ಮಾಯುವುದಿಲ್ಲ.

ಕೊಲಾಜೆನ್ ಕುರಿತು ನಡೆದ ಅಧ್ಯಯನಗಳು ಬಹುಪಾಲು ಕೀಲು ಸವೆತದ ರೋಗಿಗಳ ಮೇಲೆ ನಡೆದವು. ದಿನಕ್ಕೆ ಸುಮಾರು 10 ಗ್ರಾಂ ಪುಡಿಯನ್ನು ಕೆಲವು ತಿಂಗಳು ಸೇವಿಸಿದ ಕೆಲವರಲ್ಲಿ ನೋವು ಅಲ್ಪಸ್ವಲ್ಪ ಇಳಿದದ್ದುಂಟು. ಅವುಗಳಲ್ಲಿ ಹಲವಕ್ಕೆ ತಯಾರಕರೇ ಹಣ ಒದಗಿಸಿದ್ದರು ಎಂಬುದನ್ನೂ ಮರೆಯಬಾರದು.

ಇನ್ನು ನಿಮ್ಮ ಆಹಾರಕ್ರಮದ ವಿಷಯ. ಕೊಲಾಜೆನ್ ಪ್ರಾಣಿಗಳಲ್ಲಿ ಮಾತ್ರ ಇರುವ ಪ್ರೋಟೀನು. ಮಾರಾಟದಲ್ಲಿರುವ ಪುಡಿ ದನ ಅಥವಾ ಹಂದಿಯ ಚರ್ಮ, ಇಲ್ಲವೇ ಮೀನಿನ ಚರ್ಮ ಮತ್ತು ಹುರುಪೆಯಿಂದ ತಯಾರಾಗುತ್ತದೆ. ‘ಸಸ್ಯಜನ್ಯ ಕೊಲಾಜೆನ್’ ಎಂಬ ಹೆಸರಿನವುಗಳಲ್ಲಿ ಸಾಮಾನ್ಯವಾಗಿ ವಿಟಮಿನ್ ಸಿ, ಅಮೈನೋ ಆಮ್ಲ ಮತ್ತು ಸಸ್ಯಸಾರಗಳಿರುತ್ತವೆಯೇ ಹೊರತು ಕೊಲಾಜೆನ್ ಇರುವುದಿಲ್ಲ. ದೇಹ ತಾನೇ ಕೊಲಾಜೆನ್ ತಯಾರಿಸಿಕೊಳ್ಳಲು ಬೇಕಾದ ವಿಟಮಿನ್ ಸಿ ನಿಮಗೆ ನೆಲ್ಲಿಕಾಯಿ, ಪೇರಳೆಯಿಂದ ಸಿಗುತ್ತದೆ. ಕುಚ್ಚಲಕ್ಕಿ ಗಂಜಿಯ ಜೊತೆ ಉಪ್ಪಿನಕಾಯಿಯಷ್ಟೇ ಅಲ್ಲದೆ ಹೆಸರುಕಾಳು, ಕಡಲೆ, ಮೊಸರು ಇದ್ದರೆ ಪ್ರೋಟೀನಿನ ಕೊರತೆಯೂ ನೀಗುತ್ತದೆ.

ನಿಮ್ಮ ವೈದ್ಯರ ಸಲಹೆಯನ್ನು ದಯವಿಟ್ಟು ಬಿಡಬೇಡಿ. ಫಿನ್ಲೆಂಡಿನಲ್ಲಿ 35ರಿಂದ 65 ವರ್ಷದ 146 ಮಂದಿಯ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸವೆತದಿಂದ ಹರಿದ ಮೆನಿಸ್ಕಸ್‌ನ ಭಾಗವನ್ನು ನಿಜವಾಗಿ ಕತ್ತರಿಸಿ ತೆಗೆಸಿಕೊಂಡವರಿಗೂ ತೋರಿಕೆಯ ಶಸ್ತ್ರಚಿಕಿತ್ಸೆಗಷ್ಟೇ ಒಳಗಾದವರಿಗೂ ಒಂದು ವರ್ಷದ ನಂತರ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ತೊಡೆಯ ಮುಂಭಾಗದ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟರಿಂದ ಕಲಿತು ಕನಿಷ್ಠ ಮೂರು ತಿಂಗಳು ಮಾಡಿ. ಅಲ್ಲಿಯವರೆಗೆ ಮಂಡಿ ಹಾಕಿ ತಿರುಗುವ ಕುಣಿತವಿಲ್ಲದ ಪಾತ್ರಗಳನ್ನು ಕೇಳಿ ಪಡೆಯಿರಿ. ಚೌಕಿಯಲ್ಲಿ ಬಣ್ಣ ಹಚ್ಚುವಾಗಲೂ ನೆಲದ ಮೇಲೆ ಕಾಲು ಮಡಚಿ ಕೂರದೆ ಸ್ಟೂಲ್ ಬಳಸಿ. ವೇಷ ಕಟ್ಟುವವರಿಗೆ ಇದು ಸುಲಭದ ಮಾತಲ್ಲ ಎಂದು ಬಲ್ಲೆ. ಮೊಣಗಂಟು ಸಿಕ್ಕಿಕೊಂಡು ನೇರ ಮಾಡಲಾಗದಿದ್ದರೆ ಅಥವಾ ಹಠಾತ್ತನೆ ಊದಿಕೊಂಡರೆ ಮಾತ್ರ ಮೂರು ತಿಂಗಳು ಕಾಯದೆ ಕೂಡಲೇ ಮೂಳೆತಜ್ಞರನ್ನು ಕಾಣಿರಿ.

ಪ್ರಶ್ನೆ: ಕೀಲು ಸವೆತವಿರುವ ನನ್ನ ಅಮ್ಮ ಆರು ತಿಂಗಳಿನಿಂದ ಮೀನಿನ ಕೊಲಾಜೆನ್ ಸೇವಿಸುತ್ತಿದ್ದಾರೆ. ಮುಂದುವರಿಸಬಹುದೇ?
– ಓದುಗರು, ಉಳ್ಳಾಲ

ಉತ್ತರ: ಆರು ತಿಂಗಳಲ್ಲಿ ನೋವು ಇಳಿಯದಿದ್ದರೆ ನಿಲ್ಲಿಸಿ, ಆ ಹಣ ಫಿಸಿಯೋಥೆರಪಿಗೆ ಒದಗಲಿ. ಇಳಿದಿದ್ದರೆ ಮುಂದುವರಿಸಲು ಅಡ್ಡಿಯಿಲ್ಲ. ಆದರೆ ಅವರಿಗೆ ಮೀನಿನ ಅಲರ್ಜಿಯಿದ್ದರೆ ಕೊಡಬೇಡಿ, ಮೂತ್ರಪಿಂಡದ ತೊಂದರೆಯಿದ್ದರೆ ಅವರ ವೈದ್ಯರನ್ನು ಕೇಳದೆ ಕೊಡಬೇಡಿ.