ಪದಕದ ಮೇಲಿನ ಇಸವಿಯನ್ನು ನಂಬಬೇಡಿ

ಪ್ರಶ್ನೆ: ನಾನು ಮಂಗಳೂರಿನವಳು, ಈಗ ಇಂಗ್ಲೆಂಡಿನ ಕೆಂಟ್‌ನಲ್ಲಿದ್ದೇನೆ. ರಜೆಯಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಹೊಲ ಸುತ್ತುವುದು ನನ್ನ ಹವ್ಯಾಸ. ಹೋದ ತಿಂಗಳು ರೈತರೊಬ್ಬರ ಒಪ್ಪಿಗೆ ಪಡೆದು ಹುಡುಕುವಾಗ, ಗೇಣು ಆಳದಲ್ಲಿ ಒಂದು ಹಿತ್ತಾಳೆ ಪದಕ ಸಿಕ್ಕಿತು. ಮೊಟ್ಟೆ ಆಕಾರ, ಹೆಬ್ಬೆರಳಿನ ಉಗುರಿನಷ್ಟು ಗಾತ್ರ. ಒಂದು ಕಡೆ ಕೈ ಚಾಚಿ ನಿಂತ ಮೇರಿ ಮಾತೆ, ಸುತ್ತ ಫ್ರೆಂಚ್ ಅಕ್ಷರ, 1830 ಎಂಬ ಇಸವಿ. ಇನ್ನೊಂದು ಕಡೆ ‘ಎಂ’ ಅಕ್ಷರ, ಶಿಲುಬೆ, ಎರಡು ಹೃದಯ. ಹತ್ತಿರಹತ್ತಿರ ಇನ್ನೂರು ವರ್ಷ ಹಳೆಯದು ಅಲ್ವಾ? ಒಳ್ಳೆ ಬೆಲೆ ಇದೆಯೇ? ಹುಣಸೆಹುಳಿ ಹಾಕಿ ತಿಕ್ಕಲೇ? ಊರಿನಲ್ಲಿ ನನ್ನನ್ನು ಎತ್ತಿ ಆಡಿಸಿದ ಪಕ್ಕದ ಮನೆ ಬಾಯಮ್ಮನಿಗೆ (ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಹೀಗೇ ಕರೆಯುವುದು) ಅದನ್ನು ತಂದುಕೊಡುವ ಆಸೆ.
— ಓದುಗಿ, ಕೆಂಟ್

ಉತ್ತರ: ಮೊದಲು ಹುಳಿಯ ಡಬ್ಬ ಮುಚ್ಚಿಡಿ. ಹುಣಸೆ, ನಿಂಬೆ, ಹಲ್ಲುಜ್ಜುವ ಪೇಸ್ಟು ಯಾವುದೂ ಬೇಡ. ಮನೆಯ ಚೊಂಬಿಗೆ ಅದೆಲ್ಲ ಸರಿ. ಮಣ್ಣಲ್ಲಿ ಬಿದ್ದಿದ್ದ ಹಿತ್ತಾಳೆಯಲ್ಲಿ ಎಷ್ಟೋ ಸಲ ಅಕ್ಷರದ ಗೆರೆ ಉಳಿದಿರುವುದೇ ಆ ಹಸಿರು ಕಿಲುಬಿನ ಪದರದಲ್ಲಿ. ಹುಳಿ ಹಾಕಿದರೆ ಕಿಲುಬಿನ ಜೊತೆ ಗೆರೆಯೂ ಹೋಗುತ್ತದೆ. ಒಣಗಲು ಬಿಟ್ಟು, ಮೆತ್ತಗಿನ ಬ್ರಷ್‌ನಲ್ಲಿ ಮಣ್ಣು ಉದುರಿಸಿ. ಅಷ್ಟು ಸಾಕು.

ಇನ್ನು ಇಸವಿಯ ಮಾತು. ನನ್ನ ಅಪ್ಪನದು ಮಂಗಳೂರಿನಲ್ಲಿ ಚಿನ್ನಬೆಳ್ಳಿ ಕೆಲಸದ ಸಣ್ಣ ಅಂಗಡಿ. ಬಾಯಮ್ಮಂದಿರು ಹರಿದ ಜಪಸರ ತಂದು ಕೊಂಡಿ ಹಾಕಿಸಿಕೊಳ್ಳುತ್ತಿದ್ದರು. ಒಂದು ದಿನ ಥಳಥಳ ಹೊಳೆಯುವ ಹೊಸ ಅಲ್ಯೂಮಿನಿಯಂ ಪದಕದ ಮೇಲೆ 1830 ಎಂದು ಕಂಡು ನಾನು ಬೆರಗಾಗಿ ಕೇಳಿದೆ. ಅಪ್ಪ ಇಕ್ಕಳ ಕೆಳಗಿಡದೆ, ‘ಅದು ಮಾತೆ ಕಾಣಿಸಿಕೊಂಡ ವರ್ಷ ಮಾರಾಯ, ಪದಕ ಹುಟ್ಟಿದ್ದಲ್ಲ’ ಎಂದರು. ನಿಮಗೆ ಸಿಕ್ಕಿದ್ದೂ ಅದೇ ಪದಕ.

ಪ್ಯಾರಿಸ್ಸಿನ ರೂ ದ್ಯು ಬಾಕ್ ಬೀದಿಯ ಮಠದಲ್ಲಿ ಕ್ಯಾಥರೀನ್ ಲಬೂರೆ ಎಂಬ ಎಳೆಯ ಸನ್ಯಾಸಿನಿಗೆ 1830ರ ನವೆಂಬರಿನಲ್ಲಿ ಮೇರಿ ಮಾತೆಯ ದರ್ಶನವಾಯಿತು, ಈ ರೀತಿ ಪದಕ ಮಾಡಿಸು ಎಂದು ಮಾತೆ ಹೇಳಿದಳು ಎಂಬುದು ಭಕ್ತರ ನಂಬಿಕೆ. ವಶೆತ್ ಎಂಬ ಅಕ್ಕಸಾಲಿಗ ಮೊದಲ ಪದಕಗಳನ್ನು ಮಾಡಿಕೊಟ್ಟದ್ದು 1832ರಲ್ಲಿ. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಕಾಲರಾ. ಪದಕ ಹಾಕಿಕೊಂಡವರು ಗುಣವಾದರು ಎಂಬ ಸುದ್ದಿ ಹಬ್ಬಿ ‘ಪವಾಡದ ಪದಕ’ ಎಂಬ ಹೆಸರು ಬಂತು. ಅಂದರೆ 1830ರಲ್ಲಿ ಮಾಡಿದ ಪದಕ ಒಂದೂ ಇಲ್ಲ! ಅಂದಿನಿಂದ ಇಂದಿನವರೆಗೂ ಅದೇ ಚಿತ್ರ, ಅದೇ ಇಸವಿ ಒತ್ತುತ್ತಲೇ ಇದ್ದಾರೆ. ಸಂತ ಬೆನೆಡಿಕ್ಟರ ಪದಕದಲ್ಲೂ ಇದೇ ಮೋಸ ಹೋಗುತ್ತೇವೆ. ಅದರ ಮೇಲೆ ರೋಮನ್ ಅಂಕಿಯಲ್ಲಿ 1880 ಇರುತ್ತದೆ, ನಿನ್ನೆ ಮಾಡಿದ್ದರಲ್ಲೂ ಇರುತ್ತದೆ.

ಹಾಗಾದರೆ ವಯಸ್ಸು ತಿಳಿಯುವುದು ಹೇಗೆ? ಚಿತ್ರ ಬಿಟ್ಟು ಕೊಂಡಿ ನೋಡಿ. 17, 18ನೇ ಶತಮಾನದ ಪದಕಗಳಲ್ಲಿ ಕೊಂಡಿ ಪದಕದ ಜೊತೆಗೇ ಎರಕವಾಗಿರುತ್ತದೆ, ಬಹಳ ಸಲ ಅಡ್ಡಕ್ಕೆ ತಿರುಗಿರುತ್ತದೆ. ಎಡದಿಂದ ಬಲಕ್ಕೆ ದಾರ ಪೋಣಿಸಿದರೆ ಪದಕ ಎದೆಯ ಮೇಲೆ ನೇರ ಕೂರುತ್ತದೆ. ಆಮೇಲಿನವುಗಳಲ್ಲಿ ತೂತು ಮುಂದಿನಿಂದ ಹಿಂದಕ್ಕೆ, ಅದಕ್ಕೊಂದು ತಂತಿ ಬಳೆ. ನಿಮ್ಮದು ಈ ಎರಡನೇ ಜಾತಿಯದೇ ಇರಬೇಕು. ಭೂತಗನ್ನಡಿ ಹಿಡಿದು ತೂತಿನ ಮೇಲಂಚು ನೋಡಿ. ಬಳೆ ಉಜ್ಜಿ ಉಜ್ಜಿ ಅಂಚು ತೆಳ್ಳಗಾಗಿದ್ದರೆ ಯಾರೋ ವರ್ಷಗಟ್ಟಲೆ ಕೊರಳಲ್ಲಿ ಹಾಕಿಕೊಂಡಿದ್ದರು. ಮಾತೆಯ ಮೂಗು, ಮೊಣಕಾಲಿನ ಜಾಗ ಸವೆದಿದ್ದರೂ ಹಾಗೇ. ಹಿತ್ತಾಳೆ ಬದಲು ಹಗುರವಾದ ಅಲ್ಯೂಮಿನಿಯಂ ಆಗಿದ್ದರೆ 19ನೇ ಶತಮಾನದ ಕೊನೆಯದು ಇಲ್ಲವೇ ಅದಕ್ಕೂ ಈಚಿನದು ಎನ್ನಬಹುದಿತ್ತು. 1886ರ ನಂತರವೇ ಆ ಲೋಹ ಅಗ್ಗವಾದದ್ದು. ಇಂಗ್ಲಿಷಿನಲ್ಲಿ ಇಟಲಿ ಎಂದು ಒತ್ತಿದ್ದರೆ ಬಹುತೇಕ 20ನೇ ಶತಮಾನದ್ದೇ.

ಕೆಂಟ್ ಎಂದ ಕೂಡಲೇ ನನಗೆ ನೆನಪಾಗುವುದು ಹಾಪ್ಸ್ ತೋಟ. ಬಿಯರಿಗೆ ಹಾಕುವ ಆ ಹೂವನ್ನು ಕೊಯ್ಯಲು ಪೂರ್ವ ಲಂಡನ್ನಿನ ಬಡ ಕುಟುಂಬಗಳು ಪ್ರತಿ ಸೆಪ್ಟೆಂಬರಿನಲ್ಲಿ ಮಕ್ಕಳುಮರಿ ಕಟ್ಟಿಕೊಂಡು ಬರುತ್ತಿದ್ದವು. ಅವರಲ್ಲಿ ಐರಿಷ್ ಕ್ಯಾಥೊಲಿಕರೂ ಇದ್ದರು. ಕೊಯ್ಲಿಗೆ ಯಂತ್ರ ಬರುವ ತನಕ, ಅಂದರೆ 20ನೇ ಶತಮಾನದ ಮಧ್ಯದವರೆಗೂ ಇದು ನಡೆಯಿತು. ನಿಮ್ಮ ರೈತರನ್ನು ಒಮ್ಮೆ ಕೇಳಿ, ಆ ಹೊಲದಲ್ಲಿ ಹಾಪ್ಸ್ ಇತ್ತೇ ಎಂದು. ಇತ್ತು ಎಂದರೆ, ಬಳ್ಳಿ ಎಳೆಯುವಾಗ ಯಾವುದೋ ತಾಯಿಯ ಕೊರಳ ದಾರ ಹರಿದು ಬಿದ್ದದ್ದೂ ಇರಬಹುದು. ಫ್ರೆಂಚ್ ಅಕ್ಷರ ಇದೆ ಎಂದು ಫ್ರೆಂಚರದ್ದೇ ಎನ್ನಬೇಕಿಲ್ಲ, ಈ ಪದಕ ಫ್ರಾನ್ಸಿನಿಂದ ಎಲ್ಲೆಲ್ಲಿಗೋ ಹೋಗಿದೆ. ನನ್ನ ಲೆಕ್ಕದಲ್ಲಿ ನಿಮ್ಮದು 19ನೇ ಶತಮಾನದ ಕೊನೆಯಿಂದ 20ನೆಯದರ ಮೊದಲರ್ಧದ ಒಳಗಿನದು. ಫೋಟೋ ಕಳಿಸಿದರೆ ಇನ್ನೂ ಹತ್ತಿರ ಹೇಳಬಲ್ಲೆ.

ಇನ್ನೊಂದು ಮಾತು. 1571ರ ಒಂದು ಕಾನೂನಿನಂತೆ ರೋಮಿನಿಂದ ಇಂಥ ಶಿಲುಬೆ, ಮಣಿ, ಚಿತ್ರಗಳನ್ನು ತಂದು ಹಂಚುವುದೇ ಇಂಗ್ಲೆಂಡಿನಲ್ಲಿ ಅಪರಾಧವಾಗಿತ್ತು. ಹಾಗಾಗಿ ಮುಂದೆ ಯಾವತ್ತಾದರೂ ಅಡ್ಡ ಕೊಂಡಿಯ ಪದಕ ಸಿಕ್ಕಿದರೆ ಸುಮ್ನೆ ಜೇಬಿಗೆ ಹಾಕಬೇಡಿ. ಕದ್ದುಮುಚ್ಚಿ ದೇವರನ್ನು ಇಟ್ಟುಕೊಂಡವರದ್ದಾಗಿರಬಹುದು ಅದು.

ಬೆಲೆ? ಕೆಲವೇ ಪೌಂಡು. 1985ರಲ್ಲಿ ಯಾರ್ಕ್‌ಶೈರಿನ ಮಿಡಲ್‌ಹ್ಯಾಮ್ ಕೋಟೆ ಬಳಿ ಡಿಟೆಕ್ಟರಿಗೆ ಸಿಕ್ಕ ನೀಲಮಣಿಯ ಚಿನ್ನದ ಪದಕವನ್ನು ಯಾರ್ಕ್‌ಶೈರ್ ಮ್ಯೂಸಿಯಂ 25 ಲಕ್ಷ ಪೌಂಡು ಕೊಟ್ಟು ಕೊಂಡಿತು ನಿಜ, ಅದು 15ನೇ ಶತಮಾನದ್ದು. ಅಲ್ಲಿಯ 1996ರ ನಿಧಿ ಕಾಯ್ದೆಯಲ್ಲಿ, 300 ವರ್ಷ ದಾಟಿದ ಚಿನ್ನ ಬೆಳ್ಳಿಯ ಒಡವೆ ಸಿಕ್ಕರೆ 14 ದಿನದೊಳಗೆ ತಿಳಿಸಬೇಕು. ನಿಮ್ಮ ಹಿತ್ತಾಳೆಗೆ ಆ ಕಟ್ಟು ಇಲ್ಲ. ಆದರೂ ನಿಮ್ಮ ಜಿಲ್ಲೆಯಲ್ಲಿ ಇಂಥ ವಸ್ತುಗಳನ್ನು ದಾಖಲಿಸುವ ಅಧಿಕಾರಿಗೆ ಒಮ್ಮೆ ತೋರಿಸಿ. ಸಣ್ಣ ಕವರಿಗೆ ಹಾಕಿ, ಸಿಕ್ಕ ಜಾಗ ಮತ್ತು ದಿನ ಮೇಲೆ ಬರೆದಿಡಿ.

ಬಾಯಮ್ಮನಿಗೆ ಮಾತ್ರ ಇದನ್ನು ತರಬೇಡಿ. 50 ವರ್ಷಕ್ಕಿಂತ ಜಾಸ್ತಿ ಕಾಲ ಅಲ್ಲಿನ ಮಣ್ಣಲ್ಲಿದ್ದ ಹಳೆಯ ವಸ್ತುವನ್ನು ದೇಶದಿಂದ ಹೊರಗೆ ಒಯ್ಯಲು ಪರವಾನಗಿ ಬೇಕು, ಅದು ಎಷ್ಟೇ ಅಗ್ಗದ್ದಿರಲಿ. ಪದಕದ ಫೋಟೋ ದೊಡ್ಡದಾಗಿ ಹಾಕಿಸಿ ತನ್ನಿ. ಜೊತೆಗೆ ಅವರ ಜಪಸರವನ್ನು ಒಮ್ಮೆ ಕೈಗೆ ತೆಗೆದುಕೊಂಡು ನೋಡಿ. ಮೂರು ಸರ ಸೇರುವ ಜಾಗದಲ್ಲಿ, ಸವೆದ ಇದೇ ಮಾತೆ ನಿಂತಿರಬಹುದು.