ತೀರ್ಥಹಳ್ಳಿ ಕ್ಷೇತ್ರದ ಶಾಸಕರ ಬಗ್ಗೆ ಕೇಳಿದ್ದೀರಿ, ನಾನು ಜಮೀನಿನಿಂದಲೇ ಶುರು ಮಾಡುತ್ತೇನೆ

ಕಲಬುರಗಿ ಕಡೆಯಿಂದ ವರ್ಗವಾಗಿ ತೀರ್ಥಹಳ್ಳಿ ತಾಲ್ಲೂಕಿನ ಶಾಲೆಗೆ ಬಂದಿದ್ದೀರಿ. ಎಲ್ಲಿ ಕೂತರೂ ಜನ ಹಳೆಯ ಸೋಷಲಿಸ್ಟ್ ಶಾಸಕ ಶಾಂತವೇರಿ ಗೋಪಾಲಗೌಡರ ಹೆಸರು ಎತ್ತುತ್ತಾರೆ, ಆಮೇಲೆ ಈಚಿನ ಇಬ್ಬರು ಶಾಸಕರನ್ನು ಹಿಡಿದು ಆರಗ, ಕಿಮ್ಮನೆ ಅಂತ ವಾದಕ್ಕೆ ಇಳಿಯುತ್ತಾರೆ. ಈ ಕ್ಷೇತ್ರದಿಂದ ಯಾರ್ಯಾರು ಗೆದ್ದಿದ್ದಾರೆ, ಇಲ್ಲಿ ಓಟು ಹಾಕುವವರು ಏನು ತಿಳಿದುಕೊಂಡಿರಬೇಕು ಅಂತ ನಿಮ್ಮ ಪ್ರಶ್ನೆ. ನಾನು ಆಗುಂಬೆ ಹೋಬಳಿಯವಳು, ನಮ್ಮದು ಅಡಿಕೆ ಮತ್ತು ಸ್ವಲ್ಪ ಗದ್ದೆ ಇರುವ ಮನೆ. ನನಗೆ ಗೊತ್ತಿರುವಷ್ಟು ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಸಣ್ಣ ವಿವರ. ರಾಜ್ಯದ 224 ವಿಧಾನಸಭಾ ಕ್ಷೇತ್ರಗಳಲ್ಲಿ ತೀರ್ಥಹಳ್ಳಿಯದ್ದು 114ನೇ ನಂಬರ್. ಲೋಕಸಭೆಗೆ ಶಿವಮೊಗ್ಗ. ಬರೀ ತೀರ್ಥಹಳ್ಳಿ ತಾಲ್ಲೂಕು ಅಂದುಕೊಳ್ಳಬೇಡಿ. 2008ರವರೆಗೆ ಪಕ್ಕದ ಹೊಸನಗರ ಬೇರೆಯೇ ಕ್ಷೇತ್ರವಾಗಿತ್ತು. ಕ್ಷೇತ್ರ ಮರುವಿಂಗಡಣೆಯಲ್ಲಿ ಅದು ಇಲ್ಲವಾಗಿ, ಆ ತಾಲ್ಲೂಕಿನ ಒಂದು ಭಾಗ ಸಾಗರಕ್ಕೆ, ಇನ್ನೊಂದು ಭಾಗ ನಮಗೆ ಬಂತು. ಚಕ್ರಾ, ಸಾವೆಹಕ್ಲು, ಮಾಣಿ ಅಣೆಕಟ್ಟುಗಳಿಗೆ ಊರು ಬಿಟ್ಟುಕೊಟ್ಟ ಹೊಸನಗರದ ಜನರಿಗೆ ತಮ್ಮದೇ ಒಬ್ಬ ಶಾಸಕ ಅಂತ ಇಲ್ಲದ ಹಾಗಾಯಿತು. ಆ ಬೇಜಾರು ಆ ಕಡೆಯವರಲ್ಲಿ ಇನ್ನೂ ಇದೆ, ಮತ್ತು ಅದು ನ್ಯಾಯವಾದದ್ದೇ ಅಂತ ನನಗೂ ಅನ್ನಿಸುತ್ತದೆ.

ಈಗ ಗೋಪಾಲಗೌಡರ ವಿಷಯ. ಆರಗದ ಹತ್ತಿರದ ಶಾಂತವೇರಿಯವರು, ಹುಟ್ಟಿದ್ದು 1923ರಲ್ಲಿ. ಅವರು ಮೊದಲು ಗೆದ್ದಿದ್ದು 1952ರಲ್ಲಿ, ಆಗಿನ ಸಾಗರ-ಹೊಸನಗರ ಕ್ಷೇತ್ರದಿಂದ, ಸೋಷಲಿಸ್ಟ್ ಪಕ್ಷದಿಂದ. ಅದರ ಹಿಂದಿನ ವರ್ಷವೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಸತ್ಯಾಗ್ರಹ ನಡೆದಿತ್ತು. ಅಲ್ಲಿ ಜಗಳ ಶುರುವಾಗಿದ್ದು ಕೊಳಗದಿಂದ. ಗೇಣಿ ಭತ್ತ ಅಳೆಯಲು ಭೂಮಾಲೀಕರು ಇಟ್ಟುಕೊಂಡಿದ್ದ ಕೊಳಗ ರೂಢಿಯ ಅಳತೆಗಿಂತ ದೊಡ್ಡದಿತ್ತು. ವರ್ಷವೆಲ್ಲ ಕೆಸರಲ್ಲಿ ದುಡಿದು, ಕಣದಲ್ಲಿ ಭತ್ತ ರಾಶಿ ಹಾಕಿ, ಕಣ್ಣೆದುರಿಗೇ ಪ್ರತಿ ಕೊಳಗದಲ್ಲೂ ಒಂದಿಷ್ಟು ಜಾಸ್ತಿ ಹೋಗುವುದನ್ನು ನೋಡುತ್ತಾ ನಿಲ್ಲಬೇಕಿತ್ತು. ಮಾತಾಡಿದರೆ ಗದ್ದೆಯೇ ಹೋಗುತ್ತಿತ್ತು. ದೀವರ ಸಮುದಾಯದ ಗೇಣಿದಾರರು ಕೊನೆಗೂ ಮಾತಾಡಿದರು, ಗಣಪತಿಯಪ್ಪನವರು ರೈತರನ್ನು ಒಟ್ಟುಮಾಡಿದರು, ಸೋಷಲಿಸ್ಟರು ಜೊತೆಗೆ ನಿಂತರು. ಸೋಷಲಿಸ್ಟ್ ನಾಯಕ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಆ ಹೋರಾಟದಿಂದ ಎದ್ದು ಬಂದ ಗೋಪಾಲಗೌಡರು ಚುನಾವಣೆಗೆ ನಿಂತಾಗ ಜನರ ಹತ್ತಿರ ಒಂದು ಓಟು, ಜೊತೆಗೆ ಒಂದು ನೋಟು ಕೇಳಿದರು. ಅಭ್ಯರ್ಥಿ ಮತದಾರರಿಗೆ ದುಡ್ಡು ಹಂಚುವುದಲ್ಲ, ಮತದಾರರೇ ಅಭ್ಯರ್ಥಿಗೆ ಕೊಡುವುದು. ಇವತ್ತಿಗೂ ನಮ್ಮ ಕಡೆ ಹಿರಿಯರು ಅವರ ಹೆಸರು ಎತ್ತುವುದು ಬಹುಮಟ್ಟಿಗೆ ಇದಕ್ಕೇ.

1957ರಲ್ಲಿ ಅವರು ಸೋತರು. 1962ರಲ್ಲಿ ಮತ್ತೆ ವಿಧಾನಸಭೆಗೆ ಹೋದರು, 1967ರಲ್ಲೂ ಗೆದ್ದರು. ಸದನದಲ್ಲಿ ಕನ್ನಡದಲ್ಲೇ ಗಟ್ಟಿಯಾಗಿ ಮಾತಾಡಿದರು, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಡಬೇಕು ಅಂದರು, ಗೇಣಿದಾರರ ಪರವಾಗಿ ವಾದ ಮಾಡಿದರು. ತೀರಿಕೊಂಡಿದ್ದು 1972ರ ಜೂನ್‌ನಲ್ಲಿ, ಐವತ್ತೂ ತುಂಬಿರಲಿಲ್ಲ. ರಾಜ್ಯದ ಹೆಸರು ಕರ್ನಾಟಕ ಆಗಿದ್ದು 1973ರ ನವೆಂಬರ್‌ನಲ್ಲಿ, ಗೇಣಿಗೆ ಪೂರ್ತಿ ಕೊನೆ ಹಾಡಿದ ಭೂ ಸುಧಾರಣೆ ತಿದ್ದುಪಡಿ ಜಾರಿಗೆ ಬಂದಿದ್ದು 1974ರ ಮಾರ್ಚ್‌ನಲ್ಲಿ. ಎರಡನ್ನೂ ಅವರು ನೋಡಲಿಲ್ಲ. ನನಗೆ ಇದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಗೋಪಾಲಗೌಡರ ಹೆಸರಿನ ಮುಂದೆ ಕಡಿದಾಳ್ ಮಂಜಪ್ಪನವರನ್ನು ಜನ ಸ್ವಲ್ಪ ಮರೆತಿದ್ದಾರೆ, ಅದು ಸರಿಯಲ್ಲ. ಅವರು ಕಾಂಗ್ರೆಸ್‌ನವರು, ಇದೇ ತಾಲ್ಲೂಕಿನವರು. 1956ರ ಆಗಸ್ಟ್‌ನಿಂದ ಅಕ್ಟೋಬರ್ ಕೊನೆವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ ಆಗಿದ್ದರು, ನವೆಂಬರ್ 1ಕ್ಕೆ ರಾಜ್ಯ ಪುನರ್‌ವಿಂಗಡಣೆ ಆಗಿ ಆ ಸರ್ಕಾರ ಮುಗಿಯಿತು. ಕಂದಾಯ ಸಚಿವರಾಗಿ ಅವರು ಮಾಡಿದ ಕೆಲಸ ಅದಕ್ಕಿಂತ ದೊಡ್ಡದು. 1961ರ ಭೂ ಸುಧಾರಣಾ ಕಾಯ್ದೆಯ ಹಿಂದೆ ಅವರಿದ್ದರು. ಆ ಕಾಯ್ದೆಯಲ್ಲಿ ತೂತುಗಳಿದ್ದವು, ನಿಜ, ಸೋಷಲಿಸ್ಟರು ಅದನ್ನೇ ಎತ್ತಿ ಆಡಿದರು. ಆದರೆ ದೇವರಾಜ ಅರಸು ಅವರ ಕಾಲದಲ್ಲಿ 1974ರಲ್ಲಿ ತಿದ್ದುಪಡಿ ಆಗಿದ್ದು ಅದೇ ಕಾಯ್ದೆಗೆ. ಒಬ್ಬರು ಸರ್ಕಾರದ ಒಳಗಿದ್ದು ಕಾನೂನು ಬರೆದರು, ಇನ್ನೊಬ್ಬರು ಎದುರಿಗೆ ಕೂತು ಅದು ಸಾಲದು ಅಂದರು. ಒಂದೇ ತಾಲ್ಲೂಕಿನ ಇಬ್ಬರು!

ನಮ್ಮಜ್ಜ ಗೇಣಿದಾರರು. 1974ರ ನಂತರ ಉಳುವ ಜಮೀನು ತಮ್ಮ ಹೆಸರಿಗೆ ಮಾಡಿಕೊಡಿ ಅಂತ ಕೇಳುವ ಅರ್ಜಿ, ಫಾರಂ ನಂಬರ್ 7, ಕೊಟ್ಟು ಭೂ ನ್ಯಾಯಮಂಡಳಿ ಮುಂದೆ ನಿಂತವರಲ್ಲಿ ಅವರೂ ಒಬ್ಬರು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ಸ್ಥಳೀಯ ಸದಸ್ಯರು. ಅಕ್ಕಪಕ್ಕದ ಗದ್ದೆಯವರು ಬಂದು 'ಹೌದು, ಇವರೇ ಉಳುಮೆ ಮಾಡ್ತಿರೋದು' ಅಂತ ಸಾಕ್ಷಿ ಹೇಳಬೇಕಿತ್ತು. ಒಡೆಯರ ಮನೆಯ ಮುಂದೆ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದವರು ಅದೇ ಒಡೆಯರ ಎದುರಿಗೆ ನಿಂತು ಹಾಗೆ ಹೇಳುವುದು ಸುಲಭದ ಮಾತಲ್ಲ. ಆ ಆದೇಶದ ಪ್ರತಿ ನಮ್ಮ ಮನೆಯಲ್ಲಿ ಟ್ರಂಕಿನಲ್ಲಿದೆ, ಮಡಿಕೆಯಲ್ಲಿ ಹರಿದಿದೆ, ಹಿಂದಿನಿಂದ ಬಟ್ಟೆ ಅಂಟಿಸಿದ್ದಾರೆ. ಸರ್ವೆ ನಂಬರ್, ಎಕರೆ, ಗುಂಟೆ, ಕೆಳಗೆ ನೀಲಿ ಸೀಲು. ನಮ್ಮಪ್ಪ ಓದಿದ್ದು, ನಾನು ಓದಿದ್ದು ಎಲ್ಲಾ ಆ ಗದ್ದೆಯಿಂದ. ಹಾಗಾಗಿ ಶಾಸಕರು ಅಂದರೆ ರಸ್ತೆ, ಚರಂಡಿ ಅಂತ ಯಾರಾದರೂ ಹೇಳಿದರೆ ನನಗೆ ಒಪ್ಪಿಗೆಯಾಗುವುದಿಲ್ಲ. ಇಲ್ಲಿ ಮೊದಲಿನಿಂದಲೂ ಮುಖ್ಯ ಪ್ರಶ್ನೆ ಒಂದೇ: ಜಮೀನು ಯಾರ ಕೈಯಲ್ಲಿದೆ, ಕಾಗದ ಯಾರ ಹೆಸರಲ್ಲಿದೆ.

ಮುಂದಿನವರನ್ನು ಬೇಗ ಹೇಳಿ ಮುಗಿಸುತ್ತೇನೆ. 1972ರಲ್ಲಿ ಸೋಷಲಿಸ್ಟರ ಕಡೆಯಿಂದ ಕೋಣಂದೂರು ಲಿಂಗಪ್ಪ ಗೆದ್ದರು. 1983ರಲ್ಲಿ ಜನತಾ ಪಕ್ಷದಿಂದ ಡಿ.ಬಿ. ಚಂದ್ರೇಗೌಡ, ಅವರು ಮೂಡಿಗೆರೆ ಕಡೆಯವರು. 1978ರಲ್ಲಿ ಇಂದಿರಾ ಗಾಂಧಿಗೆ ಚಿಕ್ಕಮಗಳೂರು ಲೋಕಸಭಾ ಸ್ಥಾನ ಬಿಟ್ಟುಕೊಟ್ಟವರು ಇವರೇ. ನಮ್ಮ ಕ್ಷೇತ್ರದಿಂದ ಗೆದ್ದು ವಿಧಾನಸಭೆಯ ಸ್ಪೀಕರ್ ಆದರು. 1985ರಲ್ಲಿ ಪಟಮಕ್ಕಿ ರತ್ನಾಕರ್. 1994ರಲ್ಲಿ ಬಿಜೆಪಿಯ ಆರಗ ಜ್ಞಾನೇಂದ್ರ ಮೊದಲ ಸಲ ಗೆದ್ದು, 1999 ಮತ್ತು 2004ರಲ್ಲೂ ಉಳಿಸಿಕೊಂಡರು. 2008 ಮತ್ತು 2013ರಲ್ಲಿ ಕಾಂಗ್ರೆಸ್‌ನ ಕಿಮ್ಮನೆ ರತ್ನಾಕರ್. 2018 ಮತ್ತು 2023ರಲ್ಲಿ ಮತ್ತೆ ಆರಗ. ಅಂದರೆ 2008ರಿಂದ 2023ರವರೆಗಿನ ನಾಲ್ಕು ಚುನಾವಣೆಯಲ್ಲಿ ಇಬ್ಬರೂ ಎದುರಾಬದುರಾಗಿ ನಿಂತು ಎರಡೆರಡು ಸಲ ಗೆದ್ದಿದ್ದಾರೆ. 2013ರದ್ದು ಮಾತ್ರ ಬೇರೆ ಥರ, ಯಡಿಯೂರಪ್ಪನವರ ಕೆಜೆಪಿಯಿಂದ ಆರ್.ಎಂ. ಮಂಜುನಾಥ ಗೌಡ ನಿಂತು ಓಟು ಮೂರು ಪಾಲಾಯಿತು. ಇಷ್ಟು ವರ್ಷದಲ್ಲಿ ಒಬ್ಬ ಹೆಣ್ಣುಮಗಳೂ ಈ ಕ್ಷೇತ್ರದಿಂದ ಗೆದ್ದು ಹೋಗಿಲ್ಲ. ಗದ್ದೆ ನಾಟಿ, ಅಡಿಕೆ ಸುಲಿಯೋದು, ಸ್ವಸಹಾಯ ಸಂಘ ಎಲ್ಲಾ ನಡೆಸುವುದು ಹೆಂಗಸರು, ಟಿಕೆಟ್ ಹಂಚುವಾಗ ಮಾತ್ರ ಯಾವ ದೊಡ್ಡ ಪಕ್ಷಕ್ಕೂ ನಾವು ಕಾಣುವುದಿಲ್ಲ.

ಆರಗ, ಕಿಮ್ಮನೆ ಇಬ್ಬರೂ ಸಚಿವರಾದರು. ಕಿಮ್ಮನೆಯವರು 2013ರಿಂದ 2016ರವರೆಗೆ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಸಚಿವರು. 2016ರಲ್ಲಿ ದ್ವಿತೀಯ ಪಿಯುಸಿ ಕೆಮಿಸ್ಟ್ರಿ ಪ್ರಶ್ನೆಪತ್ರಿಕೆ ಎರಡು ಸಲ ಸೋರಿಕೆಯಾಗಿ ಮಕ್ಕಳು ಬೀದಿಗಿಳಿದಿದ್ದು ನಿಮಗೂ ನೆನಪಿರಬಹುದು, ಅದೇ ವರ್ಷದ ಸಂಪುಟ ಪುನಾರಚನೆಯಲ್ಲಿ ಅವರ ಸ್ಥಾನ ಹೋಯಿತು. ಆರಗ ಅವರು 2021ರಿಂದ 2023ರವರೆಗೆ ಗೃಹ ಸಚಿವರು, ಆಗ 545 ಪಿಎಸ್ಐ ಹುದ್ದೆಗಳ ನೇಮಕಾತಿ ಹಗರಣ ಬಂತು, ಪರೀಕ್ಷೆಯನ್ನೇ ರದ್ದು ಮಾಡಬೇಕಾಯಿತು. ನಮ್ಮವರು ಸಚಿವರಾದರು ಅಂತ ಊರಲ್ಲಿ ಪಟಾಕಿ ಹೊಡೆಯುತ್ತೇವೆ, ಖುಷಿ ಆಗುತ್ತದೆ, ಇಲ್ಲ ಅನ್ನಲ್ಲ. ಆದರೆ ಸಚಿವರಾದ ಮೇಲೆ ಅವರ ಹೊತ್ತೆಲ್ಲ ಇಡೀ ರಾಜ್ಯದ ಇಲಾಖೆಗೆ ಹೋಗುತ್ತದೆ. ಕ್ಷೇತ್ರಕ್ಕೆ ಒಂದಿಷ್ಟು ದುಡ್ಡು ಜಾಸ್ತಿ ಬರುತ್ತದೆ, ಮನುಷ್ಯ ಸಿಗುವುದು ಕಡಿಮೆಯಾಗುತ್ತದೆ.

ಮನುಷ್ಯ ಸಿಗುವುದು ಯಾಕೆ ಮುಖ್ಯ ಅಂದರೆ, ಬಗರ್ ಹುಕುಂ ಸಮಿತಿಗೆ ಶಾಸಕರೇ ಅಧ್ಯಕ್ಷರು, ತಹಶೀಲ್ದಾರ್ ಸದಸ್ಯ ಕಾರ್ಯದರ್ಶಿ. ಸರ್ಕಾರಿ ಜಮೀನಿನಲ್ಲಿ ತುಂಬಾ ವರ್ಷದಿಂದ ಸಾಗುವಳಿ ಮಾಡುತ್ತಿರುವವರು ಸಕ್ರಮ ಮಾಡಿಕೊಡಿ ಅಂತ ಕೊಟ್ಟ ಅರ್ಜಿಗಳು ಇಲ್ಲಿಗೆ ಬರುತ್ತವೆ. ಫಾರಂ 50, ಆಮೇಲೆ 53, ಈಗ 57. ಮನೆ ಕಟ್ಟಿಕೊಂಡವರಿಗೆ 94ಸಿ. ಇಲ್ಲಿ ಯಾರ ಮನೆಗೆ ಹೋದರೂ ಈ ನಂಬರ್‌ಗಳು ಬಾಯಿಪಾಠ. ಅಧ್ಯಕ್ಷರು ಸಭೆ ಕರೆದರೆ ಅರ್ಜಿ ಮುಂದೆ ಹೋಗುತ್ತದೆ, ಕರೆಯದಿದ್ದರೆ ಕಪಾಟಿನಲ್ಲಿ ಕೂರುತ್ತದೆ. ಈಗ ಉಪಗ್ರಹ ಚಿತ್ರ ನೋಡಿ ಸಾಗುವಳಿ ಪರೀಕ್ಷಿಸುವ ಆ್ಯಪ್ ಬಂದಿದೆ, ಸುಳ್ಳು ಅರ್ಜಿ ತಡೆಯಲು ಒಳ್ಳೆಯದೇ. ಆದರೆ ಮಲೆನಾಡಲ್ಲಿ ಅಡಿಕೆ ತೋಟದ ಮೇಲೆ ಮರಗಳ ನೆರಳಿರುತ್ತದೆ, ಮೇಲಿನಿಂದ ನೋಡಿದರೆ ಎಲ್ಲಾ ಹಸಿರೇ. ಸ್ಥಳಕ್ಕೆ ಹೋಗಿ ನೋಡಲೇಬೇಕು ಅಂತ ಒತ್ತಾಯ ಮಾಡುವ ಅಧ್ಯಕ್ಷರು ಬೇಕು.

ಇನ್ನು ಅರಣ್ಯ. ಕಂದಾಯ ಭೂಮಿ ಅಂದುಕೊಂಡು ತಲೆಮಾರಿನಿಂದ ಇದ್ದ ಜಾಗ ದಾಖಲೆಯಲ್ಲಿ ಅರಣ್ಯ ಅಂತ ಇದ್ದರೆ ಶಾಸಕರ ಸಮಿತಿ ಏನೂ ಮಾಡಲಾಗದು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಕೇಂದ್ರದ್ದು. 2006ರ ಅರಣ್ಯ ಹಕ್ಕು ಕಾಯ್ದೆಯೂ ಕೇಂದ್ರದ್ದೇ, ಅದರಲ್ಲಿ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 75 ವರ್ಷದ ವಾಸಕ್ಕೆ ದಾಖಲೆ ತೋರಿಸಬೇಕು. ಕಾಡಂಚಿನ ಕೂಲಿಯವರ ಹತ್ತಿರ ಅಷ್ಟು ಹಳೆಯ ಕಾಗದ ಎಲ್ಲಿಂದ ಬರಬೇಕು? ಆದ್ದರಿಂದ 'ಗೆದ್ದರೆ ಎಲ್ಲರಿಗೂ ಹಕ್ಕುಪತ್ರ' ಅಂತ ಯಾರಾದರೂ ಭಾಷಣ ಮಾಡಿದರೆ, ಯಾವ ಕಾನೂನಿನ ಕೆಳಗೆ, ಯಾವ ಜಾಗಕ್ಕೆ ಅಂತ ಕೇಳಿ. ಉತ್ತರ ಬರದಿದ್ದರೆ ಅದು ಬರೀ ಮಾತು.

ಶಾಸಕರ ಕೈಯಲ್ಲೇ ಇರುವ ದುಡ್ಡು ವರ್ಷಕ್ಕೆ 2 ಕೋಟಿ, ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ. ಸುಮಾರು 1.8 ಲಕ್ಷ ಮತದಾರರಿರುವ, ಒಂದು ಮನೆಗೂ ಇನ್ನೊಂದು ಮನೆಗೂ ಗುಡ್ಡ ಅಡ್ಡ ಇರುವ ಕ್ಷೇತ್ರಕ್ಕೆ ಅದು ಸಾಲದು. ಹಾಗಾಗಿ ಎಲ್ಲಿ ಹಾಕುತ್ತಾರೆ ಅನ್ನುವುದನ್ನು ನೋಡಬೇಕು. ನೀವು ಮೇಷ್ಟ್ರು, ಮಳೆಗಾಲದಲ್ಲಿ ಗೊತ್ತಾಗುತ್ತದೆ. ಹಳ್ಳಕ್ಕೆ ಎರಡು ಅಡಿಕೆ ದಬ್ಬೆ, ಅಂದರೆ ಸೀಳಿದ ಅಡಿಕೆ ಮರ, ಅಡ್ಡ ಹಾಕಿ, ಪಕ್ಕದಲ್ಲಿ ಒಂದು ಬಿದಿರು ಕಟ್ಟಿರುತ್ತಾರೆ, ಅದೇ ಕಾಲುಸಂಕ. ಜುಲೈನಲ್ಲಿ ಪಾಚಿ ಕಟ್ಟಿ ಜಾರುತ್ತದೆ, ಕೆಳಗೆ ಕೆಂಪು ನೀರು ಅಬ್ಬರಿಸುತ್ತಿರುತ್ತದೆ, ನಿಮ್ಮ ಶಾಲೆಯ ಮಕ್ಕಳು ಬ್ಯಾಗು ಬೆನ್ನಿಗೆ ಹಾಕಿಕೊಂಡು ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಬಿದಿರು ಹಿಡಿದು ದಾಟುತ್ತಾರೆ. ಜೋರು ಮಳೆ ಬಂದ ದಿನ ಹಾಜರಿ ಕಡಿಮೆ ಇದ್ದರೆ ಮಕ್ಕಳನ್ನು ಬೈಯಬೇಡಿ, ಆ ಸಂಕ ನೋಡಿ ಬನ್ನಿ. ಒಂದು ಸಿಮೆಂಟ್ ಕಾಲುಸಂಕಕ್ಕೆ ಆಗುವ ದುಡ್ಡನ್ನು ಪೇಟೆಯ ಸ್ವಾಗತ ಕಮಾನಿಗೆ ಹಾಕುವವರು ಯಾವ ಪಕ್ಷದವರಾದರೂ ನನ್ನ ಓಟು ಅವರಿಗಿಲ್ಲ.

ಅಡಿಕೆ ಎಲೆಚುಕ್ಕಿ ರೋಗದ ಬಗ್ಗೆಯೂ ಕೇಳಿರುತ್ತೀರಿ. ಸೋಗೆಯಲ್ಲಿ, ಅಂದರೆ ಅಡಿಕೆ ಗರಿಯಲ್ಲಿ, ಸಣ್ಣ ಕಂದು ಚುಕ್ಕಿ, ಸುತ್ತ ಹಳದಿ, ನೋಡನೋಡುತ್ತಾ ಚುಕ್ಕಿಗಳು ಸೇರಿಕೊಂಡು ಸೋಗೆಯೇ ಒಣಗುತ್ತದೆ. 2022ರ ಸುಮಾರಿಗೆ ಆಗುಂಬೆ ಕಡೆ ತೋಟಕ್ಕೆ ತೋಟವೇ ಕೆಂಪಾಗಿ ನಿಂತಿತ್ತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದು ಅಭ್ಯಾಸ ಇದ್ದವರಿಗೂ ಇದು ಬಗ್ಗಲಿಲ್ಲ. ಇದಕ್ಕೆ ಔಷಧಿ ಸಬ್ಸಿಡಿ ಕೊಡಿಸುವುದಕ್ಕಿಂತ ಸಂಶೋಧನೆಗೆ ದುಡ್ಡು ಕೊಡಿಸುವುದು ಮುಖ್ಯ, ಅದನ್ನು ಸದನದಲ್ಲಿ ಎದ್ದು ನಿಂತು ಪಟ್ಟು ಹಿಡಿದು ಕೇಳಬೇಕು. ಅಲ್ಲಿ ನಮ್ಮ ಶಾಸಕರು ಏನು ಮಾತಾಡಿದರು ಅಂತ ವಿಧಾನಸಭೆಯ ವೆಬ್‌ಸೈಟಿನಲ್ಲಿ ಕಲಾಪ ಹಾಕುತ್ತಾರೆ, ಬಿಡುವಿದ್ದಾಗ ಓದಿ.

ಕೊನೆಗೆ ನಿಮ್ಮ ಓಟಿನ ವಿಷಯ. ನಿಮ್ಮ ಹೆಸರು ಇನ್ನೂ ಕಲಬುರಗಿ ಕಡೆಯ ಪಟ್ಟಿಯಲ್ಲೇ ಇರಬೇಕು. ಹೊಸದಾಗಿ ಫಾರಂ 6 ಹಾಕಬೇಡಿ, ವಿಳಾಸ ಬದಲಾವಣೆಗೆ ಫಾರಂ 8 ಇದೆ. ಆನ್‌ಲೈನ್‌ನಲ್ಲೂ ಆಗುತ್ತದೆ, ಇಲ್ಲವಾದರೆ ನಿಮ್ಮ ಮತಗಟ್ಟೆಯ ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ಹತ್ತಿರ ಕೊಡಿ. ನಮ್ಮ ಕಡೆ ಎಷ್ಟೋ ಕಡೆ ಬಿಎಲ್‌ಒಗಳು ಶಾಲೆಯ ಮೇಷ್ಟ್ರೋ ಅಂಗನವಾಡಿ ಕಾರ್ಯಕರ್ತೆಯೋ ಆಗಿರುತ್ತಾರೆ, ಸ್ಟಾಫ್ ರೂಮಿನಲ್ಲಿ ಒಂದು ಸಲ ಕೇಳಿ ನೋಡಿ.